ಬ್ಯಾಂಡಿನ ಬಸ್ಸು ಹೊರಡುವ ಮುನ್ನ

ಟೆಕ್ಸಾಸಿನ ಇರ್ವಿಂಗ್‌ನಿಂದ ಗೆಳತಿ ಶೈಲಜಾ ಜೊತೆ ಆಸ್ಟಿನ್‌ಗೆ ಬಂದದ್ದು ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ. ಆಟ ಅವಳಿಗೂ ಅರ್ಥವಾಗುವುದಿಲ್ಲ, ನನಗೂ ಇಲ್ಲ. ಅವಳ ಮಗಳು ಅನನ್ಯ ದೂರದ ರಾಜ್ಯದಲ್ಲಿ ಓದುತ್ತಾಳೆ, ಕಾಲೇಜಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾಳೆ. ಅವರ ತಂಡದ ಜೊತೆ ಬ್ಯಾಂಡೂ ಇಲ್ಲಿಗೆ ಬಂದಿತ್ತು.

"ಪ್ರತಿವರ್ಷ ಬರ್ತಾರಾ?" ಎಂದೆ.

"ಎಲ್ಲಿ ಬರ್ತಾರೆ! ಅವರ ಕಾನ್ಫರೆನ್ಸೇ ಬೇರೆ, ಅಂದ್ರೆ ಕಾಲೇಜುಗಳ ಗುಂಪು. ಹೆಚ್ಚಿನ ಮ್ಯಾಚೆಲ್ಲ ತಮ್ಮ ಗುಂಪಿನವರ ಜೊತೇನೇ. ಹೊರಗಿನವರ ಜೊತೆ ಆಡೋದು ವರ್ಷಕ್ಕೆ ಮೂರೋ ನಾಲ್ಕೋ. ಇವತ್ತಿನ ಮ್ಯಾಚನ್ನ ಅನನ್ಯ ಹೈಸ್ಕೂಲಿಗೆ ಸೇರೋಕೆ ಮುಂಚೇನೇ ಫಿಕ್ಸ್ ಮಾಡಿದ್ರಂತೆ. ಮತ್ತೆ ಯಾವಾಗಲೋ."

ತಾಯಿ ಮಗಳ ಈ ಭೇಟಿಯನ್ನು ಯಾರೋ ಅಷ್ಟು ಹಿಂದೆಯೇ ಗೊತ್ತಿಲ್ಲದೆ ಗೊತ್ತುಮಾಡಿದ್ದರು.

ವಿರಾಮದಲ್ಲಿ ಬ್ಯಾಂಡು ಮೈದಾನಕ್ಕಿಳಿಯಿತು. ಎಲ್ಲರದೂ ಒಂದೇ ಸಮವಸ್ತ್ರ, ಒಂದೇ ಟೋಪಿ. ಶೈಲಜಾ ಎದ್ದು ನಿಂತು ಹುಡುಕಿದಳು, ಮಗಳು ಕಾಣಲಿಲ್ಲ. ಪಂದ್ಯ ಮುಗಿದೊಡನೆ ಬಸ್ಸುಗಳು ನಿಂತಿದ್ದ ಬೇಲಿಯತ್ತ ಓಡಿದೆವು. ಅನನ್ಯ ಸಾಲು ಬಿಟ್ಟು ಬಂದು ತಂತಿಯ ಸಂದಿಯಲ್ಲಿ ಬೆರಳು ತೂರಿಸಿದಳು.

"ಅಮ್ಮಾ, ಐ ಹ್ಯಾವ್ ಟು ಗೋ."

"ತುಟಿ ಒಡೆದಿದೆಯಲ್ಲೇ, ತುಪ್ಪ ಹಚ್ಕೋ," ಎಂದಳು ಶೈಲಜಾ, ಆ ಬೆರಳು ಬಿಡದೆ.

ಬಸ್ಸಿನ ಕಿಟಕಿಗಳಿಗೆ ಕಪ್ಪು ಗಾಜು. ಮಗಳು ಯಾವುದರ ಹಿಂದೆ ಕುಳಿತಿದ್ದಾಳೆಂದು ತಿಳಿಯದೆ ಶೈಲಜಾ ಎಲ್ಲ ಬಸ್ಸುಗಳಿಗೂ ಕೈ ಬೀಸಿದಳು.