ದೊನ್ ಎವರಿಸ್ತೊನ ಹಟ

ನಮ್ಮ ಮೆಕ್ಸಿಕೊ ನಗರದ ನಾಟಕಶಾಲೆಯಲ್ಲಿ ತೆರೆಯ ಮರೆಯಿಂದ ನಟರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸ. ಅಲ್ಲಿ ನಾನು ಕಂಡ ಹಟಮಾರಿಗಳಲ್ಲೆಲ್ಲ ದೊನ್ ಎವರಿಸ್ತೊ ಬಾರ್ರಗಾನನೇ ದೊಡ್ಡವನು. ಡೇರೆ ನಾಟಕಗಳಲ್ಲಿ ಕೋಡಂಗಿಯಾಗಿ ಶುರುಮಾಡಿದ ಆತ ಸಿನಿಮಾಕ್ಕೆ ಹೋಗಿ ಖಳನಾದ. ಕುದುರೆಯಿಂದ, ಮಾಳಿಗೆಯಿಂದ, ಒಮ್ಮೆ ಗಂಟೆಗೋಪುರದಿಂದಲೂ ಬಿದ್ದು ಸತ್ತ, ಸತ್ತ ಮೇಲೂ ಮೀಸೆ ಕೆಡದಂತೆ ಮಲಗುತ್ತಿದ್ದ. ಬೆಳಿಗ್ಗೆ ಅಲ್ಲಿ ಸತ್ತು ಸಂಜೆ ನಾಟಕಕ್ಕೆ ಹಾಜರಾಗುತ್ತಿದ್ದ: "ಅಲ್ಲಿ ಸಾಯೋದು ಹೊಟ್ಟೆಪಾಡಿಗೆ ಕಣಮ್ಮ, ಬದುಕೋದು ಇಲ್ಲೇ." ಬೀದಿಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಕಡುಬು, ತಮಾಲೆ, ಮಾರುವ ದೋನ್ಯಾ ಹಸಿಂತಾ ಮಾತ್ರ ಸಿನಿಮಾದಲ್ಲಿ ಮಾಡಿದ ಪಾಪಗಳಿಗೆ ಅವನನ್ನು ಕ್ಷಮಿಸಿರಲಿಲ್ಲ: "ಆ ಅನಾಥ ಹುಡುಗೀನ ಬಾವಿಗೆ ತಳ್ಳಿದೋನಲ್ವೇನೋ ನೀನು? ಹೋಗೋ, ನಿಂಗೆ ಏನೂ ಇಲ್ಲ!" ಆತ ಟೋಪಿ ತೆಗೆದು, ಬಾಗಿ, ಪಶ್ಚಾತ್ತಾಪವನ್ನು ಬೀದಿಯೆಲ್ಲ ಅಳುವಂತೆ ಅಭಿನಯಿಸಿ ತಮಾಲೆ ಗಿಟ್ಟಿಸುತ್ತಿದ್ದ. ವಯಸ್ಸಾದ ಮೇಲೆ ಲಕ್ವ ಹೊಡೆದು ಬಾಯಿ ಸೊಟ್ಟಗಾಯಿತು, ಮಾತು ಕಲಸಿಹೋಯಿತು. ಆಗಲೂ ದಿನಾ ಅವಳ ಬುಟ್ಟಿಯ ಮುಂದೆ ನಿಂತು "ಹಸಿರು ಚಟ್ನೀದು" ಎನ್ನಲು ಹೆಣಗುತ್ತಿದ್ದ. ಹಿಂದೆ ಸಾಲು ಬೆಳೆದರೂ ಅವಳು, "ಕೈ ತೋರಿಸಬೇಡ, ಬಾಯಲ್ಲಿ ಹೇಳು, ಕಾಯ್ತೀನಿ" ಎನ್ನುತ್ತಿದ್ದಳು. ನಮ್ಮ ನಿರ್ದೇಶಕ ಕನಿಕರದಿಂದ ಮೂಕ ಮುದುಕನ ಪಾತ್ರ ಕೊಡಲು ಬಂದಾಗ, "ಬೇ...ಡ. ಮಾತಿರೋದು ಕೊಡು" ಎಂದು ಪಟ್ಟುಹಿಡಿದು ನ್ಯಾಯಾಧೀಶನ ಪಾತ್ರ ಪಡೆದ. ಮೊದಲ ಪ್ರದರ್ಶನದಲ್ಲಿ ತೀರ್ಪು ಹೇಳುವಾಗ ಕೊನೆಯ ಪದ ಬಾಯಿಗೆ ಬರಲೇ ಇಲ್ಲ. ನಾನು ಪಿಸುಗುಟ್ಟಲು ಹೊರಟೆ. ಆತ ನನ್ನತ್ತ ತಿರುಗದೆಯೇ ಅಂಗೈ ಎತ್ತಿ ತಡೆದ. ಆ ಪದ ಗಂಟಲಿನಿಂದ ಮೆಲ್ಲಗೆ ಮೇಲೇರಿ, ಸೊಟ್ಟ ತುಟಿ ದಾಟಿ, ಹಿಂದಿನ ಸಾಲಿನವರಿಗೂ ಕೇಳುವಂತೆ ಹೊರಬಿತ್ತು: "ನಿರಪರಾಧಿ."