ಕೇಳಿಸಿತೆಂದು ಎತ್ತಿದ ಕೈ

ನಿನಿಯನ್ ಟುಲಿಯ ಕಿವಿ ಯಾವ ವರ್ಷ ಹೋಯಿತೆಂದು ಅವನಿಗೇ ಗೊತ್ತಿರಲಿಲ್ಲ. ಮೊದಲು ಹೋದದ್ದು ಬೇಲಿಯ ಮೇಲಿನ ಹಕ್ಕಿಗಳ ದನಿ. ಆಮೇಲೆ ಒಲೆಯ ಮೇಲೆ ಕೆಟಲಿನ ಮುಚ್ಚಳ ಕುಣಿಯುವ ಸದ್ದು. ಕೊನೆಗೆ, ಬೆನ್ನ ಹಿಂದೆ ನಿಂತು ಮಾತಾಡಿದರೆ ಹೆಂಡತಿ ಬೆಲ್ಲಾಳ ಮಾತೂ ಕೇಳಿಸದಾಯಿತು.

"ನಿನ್ನ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ," ಎಂದು ಅವಳು ಮೊದಮೊದಲು ರೇಗಿದಳು. ಕಾರಣ ತಿಳಿದ ದಿನ ರೇಗುವುದನ್ನು ಬಿಟ್ಟಳು. ಅಂದಿನಿಂದ ಏನು ಹೇಳಬೇಕಿದ್ದರೂ ಸುತ್ತಿ ಬಂದು ಎದುರಿಗೆ ನಿಂತೇ ಹೇಳುತ್ತಿದ್ದಳು. ವಿಷಯವನ್ನು ತನ್ನ ತಮ್ಮ ಗಿಬ್‌ಗೂ ಹೇಳಲಿಲ್ಲ. ಅವರಿದ್ದದ್ದು ಗಣಿಯವರು ಎಂಜಿನ್ ಓಡಿಸುವವರಿಗೆ ಕೊಟ್ಟ ಮನೆ. ಎಂಜಿನ್ನಿನ ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು.

ನಿನಿಯನ್ ಡರ್ಹಮ್ ಗುಡ್ಡದ ಗಣಿಯಿಂದ ನದಿಯ ಹಡಗುಕಟ್ಟೆಯವರೆಗೆ ಹತ್ತು ವರ್ಷ ಕುದುರೆ ಹೂಡಿ ಕಲ್ಲಿದ್ದಲಿನ ಬಂಡಿ ನಡೆಸಿದವನು. ಅದೇ ಹಳಿಯ ಮೇಲೆ ಎಂಜಿನ್ ಬಂದಾಗ ಅದನ್ನು ಕಲಿತ ಮೊದಲಿಗರಲ್ಲಿ ಒಬ್ಬ. ಆ ಎಂಜಿನ್ನಿಗೆ ಅವನಿಟ್ಟ ಹೆಸರು 'ಅತ್ತೆ'. ಕಾರಣ ಕೇಳಿದವರಿಗೆ, ಬೆಳಗಾದರೆ ಗೊಣಗಾಟ, ಹೊಟ್ಟೆ ತುಂಬಿದಷ್ಟೂ ಜೋರು ಎನ್ನುತ್ತಿದ್ದ.

ಅತ್ತೆಯ ಬೆಂಕಿಯ ಬಾಗಿಲಿದ್ದದ್ದು ಮುಂದೆ, ಚಿಮಣಿಯ ಬುಡದಲ್ಲಿ. ಅಲ್ಲಿ ಗಿಬ್ ಕಲ್ಲಿದ್ದಲು ಎಸೆಯುತ್ತಿದ್ದ. ನಿನಿಯನ್ ನಿಲ್ಲುತ್ತಿದ್ದದ್ದು ಹಿಂತುದಿಯಲ್ಲಿ. ಇಬ್ಬರ ನಡುವೆ ಇಡೀ ಬಾಯ್ಲರ್. ಹಾಗಾಗಿ ಮಾತೆಲ್ಲ ಕೂಗಾಟವೇ. ಕೇಳಿಸಿದ್ದಕ್ಕೆ ಉತ್ತರವಾಗಿ ಕೈ ಎತ್ತುವುದು ವಾಡಿಕೆ. ಕಿವುಡನೊಬ್ಬ ಅಡಗಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಬಾಯ್ಲರಿನ ಪಕ್ಕದಿಂದ ಗಿಬ್‌ನ ತಲೆ ಇಣುಕಿ ಬಾಯಿ ತೆರೆದರೆ ಸಾಕು, ನಿನಿಯನ್ ಕೈ ಎತ್ತುತ್ತಿದ್ದ.

ಅಡಗಿಸಲಾಗದ್ದು ನೀರಿನ ಲೆಕ್ಕ. ಬಾಯ್ಲರಿನಲ್ಲಿ ನೀರೆಷ್ಟಿದೆ ಎಂದು ತಿಳಿಯಲು ಅವನ ತುದಿಯಲ್ಲಿ ಒಂದರ ಕೆಳಗೊಂದು ಎರಡು ನಲ್ಲಿಗಳಿದ್ದವು. ತಿರುಗಿಸಿದರೆ ನೀರೋ ಹಬೆಯೋ ಹೊರಬರುತ್ತಿತ್ತು. ಕೆಳಗಿನದರಲ್ಲೂ ಹಬೆಯೇ ಬಂದರೆ ನೀರು ಸಾಲದೆಂದು ಅರ್ಥ. ನೋಡಲು ಎರಡೂ ಬಿಳಿ. ನೀರಾದರೆ ಉಗುಳಿದ ಸದ್ದು, ಹಬೆಯಾದರೆ ಒಣ ಸಿಳ್ಳು. ಆ ಸಿಳ್ಳು ಕೇಳಿಸದಾದ ಮೇಲೆ ನಿನಿಯನ್ ಎಡಗೈಯ ಹಿಂಭಾಗ ಒಡ್ಡಿ ನೋಡತೊಡಗಿದ. ನೀರು ಹನಿಹನಿಯಾಗಿ ಚುಚ್ಚುತ್ತಿತ್ತು, ಹಬೆ ಒಮ್ಮೆಗೇ ಸುಡುತ್ತಿತ್ತು. ಎರಡು ವರ್ಷಕ್ಕೆ ಅಲ್ಲಿಯ ಚರ್ಮ ಸತ್ತಿತು. ಆಗ ಮಣಿಕಟ್ಟು ಒಡ್ಡಿದ.

ಸಾವಿರದ ಎಂಟುನೂರ ಮೂವತ್ತಮೂರರ ನವೆಂಬರ್. ಸಂತೆಯ ದಿನವಾದ್ದರಿಂದ ಕಲ್ಲಿದ್ದಲಿನ ಬಂಡಿಗಳ ಹಿಂದೆ ಜನರ ಬಂಡಿಯೊಂದನ್ನು ಕಟ್ಟಿದ್ದರು. ಬೆಣ್ಣೆಬುಟ್ಟಿಗಳೊಂದಿಗೆ ಹೆಂಗಸರು ಒತ್ತಿಕೊಂಡು ಕೂತಿದ್ದರು. ತುಂತುರು ಮಳೆ ಎದುರಿನಿಂದ ಬೀಸುತ್ತಿತ್ತು. ನಿನಿಯನ್ ಕೆಳಗಿನ ನಲ್ಲಿ ತಿರುಗಿಸಿ ಮಣಿಕಟ್ಟು ಒಡ್ಡಿದ. ಹನಿಹನಿಯಾಗಿ ಚುಚ್ಚಿತು. ನೀರಿದೆ ಎಂದುಕೊಂಡು ನಲ್ಲಿ ಮುಚ್ಚಿದ.

ಹಬೆಯನ್ನು ಗಾಳಿ ಪಕ್ಕಕ್ಕೆ ಹಾರಿಸಿತ್ತು. ಚುಚ್ಚಿದ್ದು ಮಳೆ.

ಒಣ ಸಿಳ್ಳು ಆ ತುದಿಯಲ್ಲಿದ್ದ ಗಿಬ್‌ಗೆ ಕೇಳಿಸಿತ್ತು. ನೀರು ಸಾಲದೆಂದು ಅವನು ಇಣುಕಿ ಕೂಗಿದ. ನಿನಿಯನ್ ಕೈ ಎತ್ತಿದ. ಗಿಬ್ ಮತ್ತೆ ಕೂಗಿದ, ಮತ್ತೆ ಕೈ ಎದ್ದಿತು. ಭಾವ ಬಾಯ್ಲರಿಗೆ ನೀರು ತುಂಬುವ ಪಂಪು ಬಿಟ್ಟಿರುತ್ತಾನೆಂದು ಗಿಬ್ ಬೆಂಕಿಯ ಬಾಗಿಲು ಮುಚ್ಚಿದ. ಅರ್ಧ ಮೈಲಿ ದಾಟುವಷ್ಟರಲ್ಲಿ ಬೆಂಕಿಯ ಮೇಲಿನ ತಗಡು ಒಣಗಿ, ಅದರಲ್ಲಿದ್ದ ಸೀಸದ ಬೆಣೆ ಕರಗಿತು. ಮೇಲಿನಿಂದ ಹಬೆ ನುಗ್ಗಿ ಬೆಂಕಿಯನ್ನು ನಂದಿಸಿತು. ಬೆಣೆ ಇರುವುದೇ ಅದಕ್ಕೆ. ಯಾರೂ ಸಾಯಲಿಲ್ಲ. ಬಾಗಿಲ ಸಂದಿನಿಂದ ಹಾರಿದ ಹಬೆಗೆ ಗಿಬ್‌ನ ಹುಬ್ಬು ಉದುರಿದ್ದಷ್ಟೇ. ಹೆಂಗಸರು ಬುಟ್ಟಿ ಹೊತ್ತು ಬೈಯುತ್ತ ಮಳೆಯಲ್ಲಿ ನಡೆದುಹೋದರು.

ಮರುದಿನ ಎಂಜಿನ್ ಶೆಡ್ಡಿನಲ್ಲಿ ಮೇಲ್ವಿಚಾರಕ ಆರ್ಡ್ ಇಬ್ಬರನ್ನೂ ನಿಲ್ಲಿಸಿಕೊಂಡ. ಆರ್ಡ್ ಕೆಟ್ಟವನಲ್ಲ. ಕೂಗಿದೆಯಾ ಎಂದು ಗಿಬ್‌ನನ್ನು ಕೇಳಿದ. ಗಿಬ್ ಭಾವನ ಮುಖ ನೋಡಿ, ತಲೆ ತಗ್ಗಿಸಿದ.

"ಎರಡು ಸಲ ಕೂಗ್ದೆ. ಎರಡು ಸಲಾನೂ ಕೈ ಎತ್ತಿದ."

ಅದು ಕೇಳಿಸಿತೇ ಎಂದು ಆರ್ಡ್ ನಿನಿಯನ್‌ನನ್ನು ಕೇಳಿದ. ತುಟಿ ನೋಡುತ್ತಿದ್ದ ನಿನಿಯನ್‌ಗೆ ಪ್ರಶ್ನೆ ತಿಳಿಯಿತು. ಅಸಡ್ಡೆ ಮಾಡಿದವನಿಗೆ ಆರು ತಿಂಗಳ ಮೇಲಾದರೂ ಇನ್ನೊಂದು ಎಂಜಿನ್ ಸಿಗಬಹುದು, ಕಿವುಡನಿಗೆ ಎಂದೂ ಇಲ್ಲ. ರಾತ್ರಿಯೆಲ್ಲ ಬೆಲ್ಲಾ ಅವನಿಗೆ ಇದನ್ನೇ ಹೇಳಿಕೊಟ್ಟಿದ್ದಳು.

"ಕೇಳಿಸ್ತು ಸ್ವಾಮಿ. ನಂದೇ ಅಸಡ್ಡೆ. ನೀರಿದೆ ಅಂದ್ಕೊಂಡೆ."

ನಿನಿಯನ್‌ನ ಸುಟ್ಟ ಕೈ ಆರ್ಡ್‌ನ ಕಣ್ಣಿಗೆ ಬಿದ್ದಿತು. ಆಮೇಲೆ ನಿಧಾನವಾಗಿ ನಡೆದು ಇಬ್ಬರ ಹಿಂದೆ ಹೋಗಿ ನಿಂತ.

"ಟುಲಿ," ಎಂದ, ಊಟದ ಮೇಜಿನಲ್ಲಿ ಉಪ್ಪು ಕೇಳುವಷ್ಟೇ ದನಿಯಲ್ಲಿ, "ನಿನಗೆ ಕಿವಿ ಕೇಳಿಸಲ್ಲ, ಅಲ್ವೇನಪ್ಪಾ?"

ನಿನಿಯನ್ ಗಿಬ್‌ನ ಕಡೆ ನೋಡಿದ. ಹುಬ್ಬಿಲ್ಲದ ಆ ಮುಖ ಅವನತ್ತ ತಿರುಗಿತು. ಎಚ್ಚರಿಸಲೆಂದು ಬಾಯಿ ತೆರೆಯಿತು.

ನಿನಿಯನ್ ಕೈ ಎತ್ತಿದ.

ವಾರದೊಳಗೆ ಮನೆ ಬಿಟ್ಟರು. ಗಣಿಯ ಬಾಯಲ್ಲಿ ಮುದುಕರೂ ಹೆಂಗಸರೂ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಕೊಟ್ಟಿಗೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಯಾರೊಂದಿಗೂ ಕೂಗಬೇಕಿರಲಿಲ್ಲ. ಅತ್ತೆಗೆ ಹೊಸ ಬೆಣೆ ಹಾಕಿದರು. ಓಡಿಸಲು ಗಿಬ್ ಬಂದ. ದಿನಕ್ಕೆ ನಾಲ್ಕು ಸಲ ಎಂಜಿನ್ ಹಾದುಹೋಗುವಾಗ ನೆಲ ನಡುಗುವುದು ನಿನಿಯನ್‌ನ ಅಂಗಾಲಿಗೆ ತಿಳಿಯುತ್ತಿತ್ತು. ಗಿಬ್ ಪ್ರತಿ ಸಲವೂ ಕೊಟ್ಟಿಗೆಯ ಕಡೆ ಕೈ ಎತ್ತುತ್ತಿದ್ದನೆಂದು ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸು ಬೆಲ್ಲಾಳಿಗೆ ಹೇಳಿದಳು. ನಿನಿಯನ್ ತಲೆ ಎತ್ತುತ್ತಿರಲಿಲ್ಲವಂತೆ.