ಒಲೆಯ ಮೇಲಿನ ಒಂಟಿ ಬೂಟು

ಇದನ್ನು ಹೇಳಿದರೆ ನನ್ನ ಗಂಡ ಮಂಜು ಇವತ್ತಿಗೂ ನಗುತ್ತಾನೆ. ನಗಲಿ. ಅವನ ಅಧಿಕಪ್ರಸಂಗದಿಂದಲೇ ಇಷ್ಟೆಲ್ಲ ಆದದ್ದು. ನಾನು ಒಂದಕ್ಷರವನ್ನೂ ಸೇರಿಸುತ್ತಿಲ್ಲ.

ನಾನು ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವ ಆರ್ಕಿಟೆಕ್ಟು. ನಾವಿರುವ ಸರಟೋಗಾ ಊರಿನ ಗುಡ್ಡದ ಮೇಲೆ ಒಬ್ಬ ಹಣವಂತ, ಇಂಗ್ಲೆಂಡಿನ ಹಳೆಯ ಛತ್ರವೊಂದನ್ನು ಬಿಚ್ಚಿಸಿ ತಂದು ನಿಲ್ಲಿಸುತ್ತಿದ್ದ. ಕುದುರೆ ಸಾರೋಟುಗಳು ರಾತ್ರಿ ತಂಗುತ್ತಿದ್ದ ಜಾಗ... ಗಾಡಿ ನುಗ್ಗುವಷ್ಟು ಎತ್ತರದ ಕಮಾನು, ಓಕ್ ಮರದ ತೊಲೆಗಳು, ಆಳೆತ್ತರದ ಇಟ್ಟಿಗೆ ಒಲೆ. ಒಲೆಯ ಮೇಲಿನ ಗೂಡಿನಲ್ಲಿ ಮಗುವಿನದೊಂದು ಚರ್ಮದ ಬೂಟು. ಕೆಟ್ಟದ್ದು ಒಳಗೆ ಬರದಿರಲೆಂದು ಕಟ್ಟಿದವರೇ ಅದನ್ನು ಅಲ್ಲಿ ಬಚ್ಚಿಟ್ಟಿದ್ದರು. ಬಿಚ್ಚುವಾಗ ಸಿಕ್ಕಿದ ಅದನ್ನು ಮತ್ತೆ ಅಲ್ಲೇ ಇಡಿಸಲು ನಾನು ಮಾಲೀಕನ ಜತೆ ಜಗಳವಾಡಿದ್ದೆ. ಅವನೋ, ಟಿವಿ ಹಿಡಿಸಲೆಂದು ಹಳೆಯ ತೊಲೆಯನ್ನೇ ಕೊಯ್ಯಿಸಿದ ಭೂಪ. ನಾನು ಹೇಳುತ್ತಿರುವ ಸಂಜೆಯ ಮಾರನೆಯ ದಿನ ಗೂಡಿಗೆ ಗಾರೆ ಹಾಕಿ ಮುಚ್ಚಬೇಕಿತ್ತು.

ಡಿಸೆಂಬರು, ಆರು ಗಂಟೆಗೇ ಕಗ್ಗತ್ತಲು. ಮಂಜು ನಾಲ್ಕು ವರ್ಷದ ಮಗಳು ಅನ್ವಿಯನ್ನು ಡೇಕೇರಿನಿಂದ ನೇರ ಅಲ್ಲಿಗೇ ಕರೆದುಕೊಂಡು ಬಂದ. ರೂಢಿಯಂತೆ ಇಬ್ಬರೂ ಬಾಗಿಲಾಚೆ ಶೂ ಬಿಚ್ಚಿದರು. ನಾನು ಅಳತೆ ಮುಗಿಸಲು ಮಹಡಿಗೆ ಹೋದೆ.

ಆಗ ಕೇಳಿಸಿತು... ಕಲ್ಲುಹಾಸಿನ ಮೇಲೆ ಗೊರಸಿನ ಸದ್ದು. ಕಮಾನಿನ ಕೆಳಗೆ ಬಂದು ನಿಂತಿತು. ಒದ್ದೆ ಹುಲ್ಲು, ಕುದುರೆ ಬೆವರಿನ ವಾಸನೆ. ಆ ಅಂಗಳದಲ್ಲಿ ಇನ್ನೂ ಒಂದು ಕಲ್ಲನ್ನೂ ಹಾಸಿರಲಿಲ್ಲ.

ಓಡಿ ಇಳಿದೆ. ಗೂಡು ಖಾಲಿ.

"ಆ ಬೂಟು ಎಲ್ಲೋ?"

"ಹೊರಗಿಟ್ಟೆ ಕಣೇ. ಒಲೆ ಮೇಲೆ ಯಾರಾದ್ರೂ ಚಪ್ಪಲಿ ಇಡ್ತಾರಾ?"

"ನಿನ್ನ ಮಡಿಗಿಷ್ಟು ಬೆಂಕಿ ಹಾಕ. ಅನ್ವಿ ಎಲ್ಲಿ?"

"ಇಲ್ಲೇ ಇದ್ಲಲ್ಲ..."

ಅವಳು ಹೊಸ್ತಿಲ ಮೇಲೆ ನಿಂತು ಕತ್ತಲಿಗೆ ಕೈ ಚಾಚಿದ್ದಳು.

"ಅಮ್ಮಾ, ದೇ ಹ್ಯಾವ್ ಒನ್ ಸೀಟ್ ಲೆಫ್ಟ್," ಎಂದಳು, ಮೆಲ್ಲಗೆ.

ಅವಳನ್ನು ಎಳೆದು ಕಂಕುಳಿಗೇರಿಸಿಕೊಂಡೆ. ಅವಳ ಕೈ ಮಂಜುಗಡ್ಡೆ. ಹೊರಗಿದ್ದ ಬೂಟನ್ನು ತಂದು ಗೂಡಿಗೆ ತಳ್ಳಿ, ಕೈಯಾರೆ ಇಟ್ಟಿಗೆ ಜೋಡಿಸಿ ಮುಚ್ಚಿದೆ. ಗೊರಸಿನ ಸದ್ದು ದೂರವಾಯಿತು. ಮಂಜುವಿಗೂ ಕೇಳಿಸಿತ್ತು. ಅವನ ಮುಖ ನೋಡಿದ್ದೇನೆ, ಈಗ ಒಪ್ಪುವುದಿಲ್ಲ ಅಷ್ಟೆ.

ಹೊರಗೆ ಅನ್ವಿಯ ಗುಲಾಬಿ ಶೂ ಒಂದೇ ಇತ್ತು. ಟಾರ್ಚು ಹಿಡಿದು ಹುಡುಕಿದರೂ ಇನ್ನೊಂದು ಸಿಗಲಿಲ್ಲ.

ಮರುದಿನ ಗಾರೆಯವನು ಫೋನು ಮಾಡಿದ. ಇಟ್ಟಿಗೆ ತೆಗೆದು ನೋಡಿ, ಒಳಗಿದ್ದ ಎರಡನ್ನೂ ಜೋಡಿಸಿಟ್ಟು ಗಾರೆ ಹಾಕಿದ್ದಾನಂತೆ. ಹಳೆಯ ಚರ್ಮದ್ದೊಂದು, ಗುಲಾಬಿ ಬಣ್ಣದ್ದೊಂದು.

"ಅವನು ತಮಾಷೆ ಮಾಡಿರ್ತಾನೆ. ಒಡೆಸಿ ನೋಡೇಬಿಡೋಣ," ಎಂದು ಮಂಜು ಈಗಲೂ ನಗುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತು ಬೂಟು ತೆಗೆದವನೂ ಇವನೇ.

ನಾನು ಒಡೆಸುವುದಿಲ್ಲ. ಆ ಸಾರೋಟಿನ ಸೀಟು ಇನ್ನೂ ಖಾಲಿಯೇ ಇದ್ದರೆ...